ವಾಪಸ್ ತಂದ ಕ್ಷಮೆ

ನಮ್ಮ ಸಿಂಧನೂರಿನ ಸಭೆಯಲ್ಲಿ ತಿಂಗಳ ಮೊದಲನೆಯ ಭಾನುವಾರ ಕರ್ತನ ಭೋಜನ. ರೊಟ್ಟಿಯ ತಟ್ಟೆ ಮುಂದಿನ ಸಾಲಿನಿಂದ ಹೊರಡುವ ಮೊದಲು ಪಾಸ್ಟರು ಪ್ರತಿ ಸಲವೂ ಒಂದೇ ಮಾತು ಹೇಳುತ್ತಾರೆ: ಯಾರ ಮೇಲಾದರೂ ಸಿಟ್ಟು ಇಟ್ಟುಕೊಂಡವರು ಮೊದಲು ಹೋಗಿ ಅವರ ಹತ್ತಿರ ಸರಿ ಮಾಡಿಕೊಂಡು ಬನ್ನಿ, ಆಮೇಲೆ ಕೈ ಚಾಚಿ. ಬೇರೆ ಊರಿನ ಸಭೆಗಳಲ್ಲಿ ಈ ಮಾತನ್ನು ಹೇಗೆ ಕೇಳುತ್ತಾರೋ ಗೊತ್ತಿಲ್ಲ. ನಮ್ಮಲ್ಲಿ ನಿಜವಾಗಿಯೇ ಎದ್ದು ಹೋಗುತ್ತಾರೆ. ಒಬ್ಬ ಅತ್ತೆ ತಟ್ಟೆಯನ್ನು ಪಕ್ಕದವಳಿಗೆ ದಾಟಿಸಿ, ಚಾಪೆಯ ಇನ್ನೊಂದು ತುದಿಯಲ್ಲಿದ್ದ ಸೊಸೆಯ ಹತ್ತಿರ ಹೋಗಿ, "ಏಳ ಬೇ, ಹೊರಗ ಬಾ, ಮಾತಾಡೂಣು" ಎಂದು ಕರೆದೊಯ್ದಳು. ಬೇವಿನ ಗಿಡದ ಕೆಳಗೆ ಇಬ್ಬರೂ ಐದು ನಿಮಿಷ ಜಗಳಾಡಿದರು, ಹತ್ತು ನಿಮಿಷ ಅತ್ತರು, ಮೂಗು ಒರೆಸಿಕೊಂಡು ಒಳಗೆ ಬಂದು ರೊಟ್ಟಿ ತಿಂದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಟ್ಟೆ ಅಷ್ಟು ಹೊತ್ತು ಕಾಯುತ್ತದೆ. ಉಳಿದವರ ಮಧ್ಯಾಹ್ನದ ಊಟವೂ ಕಾಯುತ್ತದೆ.

ನಾನು ಆರು ವರ್ಷ ಆ ತಟ್ಟೆಯನ್ನು ಪಕ್ಕದವರಿಗೆ ದಾಟಿಸಿದೆ. ನನ್ನ ಸಿಟ್ಟಿಗೆ ಗುರಿಯಾದವಳು ಬೇವಿನ ಗಿಡದಷ್ಟು ಹತ್ತಿರ ಇರಲಿಲ್ಲ, ಲಿಂಗಸುಗೂರಿನಲ್ಲಿದ್ದಳು. ಹಾಗಂತ ಸಭೆಗೆ ಹೇಳಲಾದೀತೆ? ಮೊದಲ ತಿಂಗಳು ಬಾಯಿ ಹುಣ್ಣು ಎಂದೆ. ಎರಡನೆಯ ತಿಂಗಳೂ ಬಾಯಿ ಹುಣ್ಣೇ ಬಂತು. ಮುಂದೆ ಹುಣ್ಣು ಬಾರದ ತಿಂಗಳುಗಳಲ್ಲಿ, ಪಾಸ್ಟರು ರೊಟ್ಟಿ ಮುರಿಯುವ ಹೊತ್ತಿಗೆ ಸರಿಯಾಗಿ ಎದ್ದು, ಬೈಕಿನ ಹ್ಯಾಂಡಲ್ ಲಾಕ್ ಆಗಿದೆಯೋ ಇಲ್ಲವೋ ನೋಡಲು ಹೋದೆ. ಈ ನೆಪವನ್ನು ಎಲ್ಲರೂ ನಂಬಿದರು. ರೊಟ್ಟಿ ಇಲ್ಲದ ಭಾನುವಾರಗಳಲ್ಲೂ ನಾನು ಎರಡು ಸಲ ಹೋಗಿ ನೋಡುತ್ತೇನೆ.

ಚಿಂತೆ ನನ್ನ ಎರಡನೆಯ ಉದ್ಯೋಗ. ಮೊದಲನೆಯದು ಸಾಲಗುಂದದ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುವ ಮಾಸ್ತರಿಕೆ. ಅದರಿಂದ ಇನ್ನು ಕೆಲವು ವರ್ಷಕ್ಕೆ ನಿವೃತ್ತಿ ಇದೆ. ಎರಡನೆಯದರಿಂದ ಇಲ್ಲ. ಅದು ನನಗೆ ಅವ್ವನಿಂದ ಬಂದ ಆಸ್ತಿ. ಅವ್ವ ಪ್ರಾರ್ಥನೆಗೆ ಹೊರಡುವ ಮುನ್ನ ಒಲೆಯ ಕೆಂಡಕ್ಕೆ ನೀರು ಚಿಮುಕಿಸುತ್ತಿದ್ದಳು. ಓಣಿಯ ತಿರುವಿನ ತನಕ ಹೋಗಿ ಮರಳಿ ಬಂದು ಮತ್ತೆ ಚಿಮುಕಿಸುತ್ತಿದ್ದಳು. ಅಷ್ಟರಲ್ಲಿ ಸಭೆಯಲ್ಲಿ ಎರಡು ಹಾಡು ಮುಗಿದಿರುತ್ತಿದ್ದವು. ನಮ್ಮ ಮನೆಯವರು ದೇವರನ್ನು ಮೂರನೆಯ ಹಾಡಿನಿಂದ ಸ್ತುತಿಸುವ ಪೈಕಿ.

ಇನ್ನು ನನ್ನ ಸಿಟ್ಟು. ಅದು ಅಕ್ಕನ ಮೇಲೆ. ನನಗಿಂತ ಹತ್ತು ವರ್ಷ ದೊಡ್ಡವಳು, ಲಿಂಗಸುಗೂರಿನಲ್ಲಿ ಅಂಗನವಾಡಿ ನಡೆಸಿ ನಿವೃತ್ತಳಾದವಳು, ಒಂದೇ ಕೂಗಿಗೆ ಮೂವತ್ತು ಮಕ್ಕಳನ್ನು ಕೂರಿಸುವ ಗಂಟಲು. ಅವ್ವ ಕೊನೆಗಾಲದಲ್ಲಿ ಅವಳ ಮನೆಯಲ್ಲಿದ್ದಳು. ಒಂದು ಬೇಸಿಗೆಯಲ್ಲಿ ಅವ್ವನಿಗೆ ಕಾಯಿಲೆ ಬಹಳ ಆಯಿತೆಂದು ನನ್ನ ಹೆಂಡತಿ ಎರಡು ದಿನ ಮೊದಲೇ ಅಲ್ಲಿಗೆ ಹೋದಳು. ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ಫೋನು ಬಂತು: ಅವ್ವ ಹೋದಳು, ಹನ್ನೊಂದಕ್ಕೆ ಮಣ್ಣು. ನಾನು ಎಂಟರ ಬಸ್ಸು ಹತ್ತಿದೆ. ಸಿಂಧನೂರಿನಿಂದ ಲಿಂಗಸುಗೂರಿನ ದಾರಿಯಲ್ಲಿ ನಡುವೆ ಸಿಗುವುದು ಮಸ್ಕಿ. ಮಸ್ಕಿಯಲ್ಲಿ ಬಸ್ಸು ಕೆಟ್ಟಿತು. ಹಾಗಂತ ಫೋನು ಮಾಡಿ ತಿಳಿಸಿದೆ. ನಾನು ಲಿಂಗಸುಗೂರು ಮುಟ್ಟಿದಾಗ ಒಂದು ಗಂಟೆ ಹತ್ತಿರ. ಎಲ್ಲರೂ ಮಣ್ಣು ಕೊಟ್ಟು ಬಂದು ಕೈಕಾಲು ತೊಳೆಯುತ್ತಿದ್ದರು. ಇನ್ನೊಂದು ತಾಸು ಕಾಯಲಿಲ್ಲ. ಹೆತ್ತವ್ವನ ಮುಖವನ್ನು ಒಬ್ಬನೇ ಮಗನಿಗೆ ತೋರಿಸಲಿಲ್ಲ. ಬಿಸಿಲಂತೆ, ರಾತ್ರಿಯಿಂದ ಕರೆಂಟಿಲ್ಲವಂತೆ, ಅಲ್ಲಿನ ಪಾಸ್ಟರಿಗೆ ಸಂಜೆ ಗುರುಗುಂಟಾದಲ್ಲಿ ಮದುವೆ ಮಾಡಿಸುವುದಿತ್ತಂತೆ. ಅಕ್ಕ ಕಾರಣ ಹೇಳಲು ಬಂದಳು. ನಾನು ಮುಖ ತಿರುಗಿಸಿದೆ. ಅಂದಿನಿಂದ ನಮ್ಮಿಬ್ಬರ ನಡುವೆ ಇದ್ದ ಬಾಂಧವ್ಯವೆಂದರೆ ಕ್ರಿಸ್‌ಮಸ್ಸಿಗೆ ನಾನು ಕಳಿಸುವ ಒಂದು ಮೇಣಬತ್ತಿಯ ಚಿತ್ರ. ಅವಳು ಅದಕ್ಕೆ ಮುಗಿದ ಎರಡು ಕೈ ಕಳಿಸುತ್ತಿದ್ದಳು. ಚಿತ್ರದ ಕೈ.

ಕಳೆದ ತಿಂಗಳು ಪಾಸ್ಟರು ನನ್ನನ್ನು ಬಾಗಿಲಲ್ಲಿ ಹಿಡಿದರು. ಮೆತ್ತಗಿನ ಮನುಷ್ಯ, ಬೈದರೂ ಆಶೀರ್ವಾದ ಮಾಡಿದ ಹಾಗೆ ಕೇಳುತ್ತದೆ.

"ಮಾಸ್ತರ್ರೀ, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಬಾಯಿ ಹುಣ್ಣು ಪ್ರತಿ ತಿಂಗಳ ಮೊದಲನೇ ಐತವಾರಕ್ಕ ಹ್ಯಾಂಗ ಬರ್ತೈತಿ?"

ಎಲ್ಲ ಹೇಳಿದೆ. ಅಂದರೆ ಮೇಲೆ ನಿಮಗೆ ಹೇಳಿದಷ್ಟು ಹೇಳಿದೆ. ಅವರು ಕೇಳಿ, "ಅಕ್ಕಾರ ಹತ್ರ ಹೋಗಿ ಮಾತಾಡ್ರಿ" ಎಂದರು. ಇಷ್ಟೇ. ಮೂರನೆಯ ಇಯತ್ತೆಯ ಮಗುವಿಗೂ ಅರ್ಥವಾಗುವ ಮಾತು.

ಮನೆಗೆ ಬಂದು ಯೋಚಿಸಿದೆ. ಹೋದರೆ ಅವಳು ಬಾಗಿಲು ತೆರೆಯದಿದ್ದರೆ? ತೆರೆದು ಅತ್ತರೆ? ಅಳದೆ ಊಟ ಬಡಿಸಿದರೆ? ಹೀಗೆ ಹನ್ನೊಂದು ಅಪಾಯಗಳನ್ನು ಕಂಡುಹಿಡಿದು, ಅವೆಲ್ಲವನ್ನೂ ತಪ್ಪಿಸುವ ಒಂದು ಒಳದಾರಿಯನ್ನೂ ಕಂಡುಹಿಡಿದೆ. ಕ್ಷಮಿಸುವುದು ನನ್ನ ಕೆಲಸ ತಾನೆ? ಅದಕ್ಕೆ ಅಕ್ಕ ಯಾಕೆ ಬೇಕು?

ನಮ್ಮ ಸಭೆಯಲ್ಲಿ ಶುಕ್ರವಾರ ಉಪವಾಸ ಪ್ರಾರ್ಥನೆ, ಕೊನೆಗೆ ಸಾಕ್ಷಿ. ಯಾರಿಗೆ ಕಾಯಿಲೆ ವಾಸಿಯಾಯಿತು, ಯಾರ ಮಗಳಿಗೆ ಕೆಲಸ ಸಿಕ್ಕಿತು ಎಂದು ಎದ್ದು ನಿಂತು ಹೇಳಿ "ಸ್ತೋತ್ರ" ಎಂದು ಕೂರುವ ಪದ್ಧತಿ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಏಳದ ನಾನು ಈ ತಿಂಗಳ ಮೊದಲ ಶುಕ್ರವಾರ ಎದ್ದೆ. ನೋಟುಬುಕ್ಕಿನಲ್ಲಿ ಮೂರು ಸಲ ತಿದ್ದಿ ಬರೆದು ಬಾಯಿಪಾಠ ಮಾಡಿದ್ದೆ. ಅವ್ವ, ಬಿಸಿಲು, ಕೆಟ್ಟ ಬಸ್ಸು, ಮುಚ್ಚಿದ ಮಣ್ಣು, ಎಲ್ಲ ಅದರದರ ಜಾಗದಲ್ಲಿ ಬಂದವು. "ಮುಖ ತೋರಿಸಲಿಲ್ಲ" ಎಂಬಲ್ಲಿ ಗಂಟಲು ಕಟ್ಟಬೇಕೆಂದು ಬರೆದುಕೊಂಡಿದ್ದೆ; ಅದು ಎರಡು ವಾಕ್ಯ ಮೊದಲೇ ಕಟ್ಟಿತು. ಕೊನೆಗೆ, "ಇಷ್ಟಾದರೂ ನನ್ನ ಅಕ್ಕನನ್ನು ನಾನು ಇವತ್ತು ಪೂರ್ತಿಯಾಗಿ ಕ್ಷಮಿಸಿದ್ದೇನೆ" ಎಂದೆ. ನೋಟುಬುಕ್ಕಿನಲ್ಲಿ "ಪೂರ್ತಿಯಾಗಿ" ಎಂಬುದಕ್ಕೆ ಅಡಿಗೆರೆ ಇತ್ತು. ಹೆಂಗಸರ ಚಾಪೆಯಿಂದ ದೊಡ್ಡ ನಿಟ್ಟುಸಿರು. "ಎಂಥಾ ಮನಸ್ಸ್ರೀ!" ಎಂದು ಯಾರೋ ಅಂದರು. ಕ್ಷಮಿಸುವುದರಲ್ಲಿ ಇಷ್ಟು ಸುಖವಿದೆ ಎಂದು ಗೊತ್ತಿದ್ದರೆ ಇನ್ನೂ ನಾಲ್ಕು ಮಂದಿಯ ಮೇಲೆ ಸಿಟ್ಟು ಕೂಡಿಸಿಡುತ್ತಿದ್ದೆ.

ಪಾಸ್ಟರು ಮಾತ್ರ ನಿಟ್ಟುಸಿರು ಬಿಡಲಿಲ್ಲ. ನೆಲ ನೋಡುತ್ತಿದ್ದರು. ನಾನದನ್ನು ಭಾವಪರವಶತೆ ಎಂದುಕೊಂಡೆ.

ನನ್ನ ಸಾಕ್ಷಿಯನ್ನು ಒಬ್ಬ ಸಹೋದರರು ಮೊಬೈಲಿನಲ್ಲಿ ಹಿಡಿದಿದ್ದರು. ಸಭೆಯ ಗ್ರೂಪಿಗೆ ಹಾಕಿದರು. ಅಲ್ಲಿಂದ ಮಸ್ಕಿಯ ಸಭೆಗೆ, ಮಸ್ಕಿಯಿಂದ ಲಿಂಗಸುಗೂರಿಗೆ ಹೋಯಿತು. ಆ ದಾರಿಯಲ್ಲಿ ಅದು ಎಲ್ಲಿಯೂ ಕೆಟ್ಟು ನಿಲ್ಲಲಿಲ್ಲ. ಶನಿವಾರ ಬೆಳಿಗ್ಗೆ ಹಾಲಿಗೆ ಹೋದಾಗ ನಮ್ಮ ಓಣಿಯ ಕಿರಾಣಿ ಅಂಗಡಿಯ ಯಜಮಾನರು, ಹಣೆಯ ತುಂಬ ವಿಭೂತಿ, ನನ್ನನ್ನು ನೋಡಿ ಕೈ ಮುಗಿದರು.

"ನಿಮ್ಮ ವಿಡಿಯೋ ನಮ್ಮ ಗ್ರೂಪಿಗೂ ಬಂತ್ರೀ ಮಾಸ್ತರ. ನಮ್ಮಲ್ಲಿ ಮನಿ ಜಗಳ ಕೋರ್ಟಿಗೆ ಹೋಗ್ತಾವ, ನಿಮ್ಮಲ್ಲಿ ಮೊಬೈಲಿಗೆ ಬರ್ತಾವ. ಲಗೂನ ಮುಗೀತಾವ ಬಿಡ್ರಿ."

ಹಾಲಿನ ಪಾಕೀಟು ಕೈಯಲ್ಲಿರುವಾಗಲೇ ಫೋನು ಬಂತು. ಅಕ್ಕ. ಆರು ವರ್ಷದ ಮೇಲೆ ಅವಳ ದನಿ. ನಮಸ್ಕಾರ ಇಲ್ಲ, ಚಂದಾಗಿದ್ದೀಯಾ ಇಲ್ಲ.

"ಲೇ, ನಾ ಏನ ಮಾಡೀನಿ ಅಂತ ನನ್ನ ಕ್ಷಮಿಸಿದಿ?"

"ಅಕ್ಕಾ, ಅದು..."

"ಮುಂಜಾನಿಂದ ನಳದ ಹತ್ರ ಮೂರು ಮಂದಿ ಕೇಳ್ಯಾರ, ಅಂಥಾದ್ದು ಏನ ಮಾಡೀಯವ್ವ ತಮ್ಮಗ ಅಂತ. ನಿನ್ನ ಕ್ಷಮಾ ನಾ ಬೇಡಿದ್ನೇನು? ಕೇಳಲಾರದ್ದು ಕಳಿಸಿದಿ. ಬಂದು ವಾಪಸ್ ತಗೊಂಡು ಹೋಗು. ಇವತ್ತ ಬಾ."

ಇಟ್ಟಳು.

ಒಳಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ಬಡಿಯುವುದನ್ನು ನಿಲ್ಲಿಸಲಿಲ್ಲ. "ಹೋಗಿ ಬರ್ರಿ. ನಾಳೆ ಕರ್ತನ ಭೋಜನ ಐತಿ. ಈ ಸಲನೂ ನಿಮ್ಮ ಬಾಯಾಗ ಹುಣ್ಣು ಎದ್ರ ನಾನ ಪಾಸ್ಟರಿಗೆ ಬಾಯಿ ತಗದು ತೋರಸ್ತೀನಿ."

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಸಭೆಗೆ, ಪಾಸ್ಟರಿಗೆ, ಅಕ್ಕನಿಗೆ ಹೇಳಿದ್ದನ್ನೇ ನಿಮಗೂ ಹೇಳಿದೆ. ಆರು ವರ್ಷದ ಅಭ್ಯಾಸ, ನಾಲಿಗೆ ತಾನಾಗಿ ಹೊರಳುತ್ತದೆ. ಆ ದಿನ ಮಸ್ಕಿಯಲ್ಲಿ ಬಸ್ಸು ಕೆಡಲಿಲ್ಲ. ಬಸ್ಸು ಬಹಳ ಚೆನ್ನಾಗಿತ್ತು. ಮಸ್ಕಿ ಬಸ್ ನಿಲ್ದಾಣದಲ್ಲಿ ಅದು ಐದು ನಿಮಿಷ ನಿಂತಿತು, ಆ ಐದು ನಿಮಿಷದಲ್ಲಿ ನನಗೆ ನೆನಪಾಯಿತು: ಫೋನು ಬಂದಾಗ ಒಲೆಯ ಮೇಲೆ ಚಹಾ ಇತ್ತು. ಗ್ಯಾಸು ಬಂದ್ ಮಾಡಿದೆನೋ? ಮಾಡಿದ ಹಾಗೆ ನೆನಪು. ಮಾಡದ ಹಾಗೂ ನೆನಪು. ಹೆಂಡತಿ ಊರಲ್ಲಿಲ್ಲ, ಕೀಲಿಕೈ ನನ್ನ ಕಿಸೆಯಲ್ಲಿ. ಮನೆ, ಪಕ್ಕದ ಮನೆ, ಅವರ ತೊಟ್ಟಿಲ ಕೂಸು, ಎಲ್ಲ ಕಣ್ಣ ಮುಂದೆ ಹೊತ್ತಿ ಉರಿದವು. ಇಳಿದೆ. ಅಕ್ಕನಿಗೆ ಫೋನು ಮಾಡಿ ಬಸ್ಸು ಕೆಟ್ಟಿದೆ ಎಂದೆ. ರಸ್ತೆ ದಾಟಿ ಸಿಂಧನೂರಿನ ಬಸ್ಸು ಹತ್ತಿದೆ. ಮನೆಗೆ ಬಂದು ನೋಡಿದರೆ ಗ್ಯಾಸು ಬಂದ್ ಆಗಿತ್ತು. ಬೀಗ ನಾಲ್ಕು ಸಲ ಜಗ್ಗಿ ಮತ್ತೆ ಹೊರಟೆ. ಹೆತ್ತವ್ವನನ್ನು ಮಣ್ಣಿಗೆ ಅಣಿಮಾಡುವ ಹೊತ್ತಿಗೆ ಮಗ ರೆಗ್ಯುಲೇಟರಿನ ಮುಂದೆ ಬಗ್ಗಿ ಕೂತಿದ್ದ. ಇದನ್ನು ಯಾರಿಗೆ ಹೇಳುವುದು? ಅದಕ್ಕಿಂತ ಅಕ್ಕ ಕಾಯಲಿಲ್ಲ ಎನ್ನುವುದು ಸುಲಭ. ಹೇಳುತ್ತ ಹೇಳುತ್ತ ಒಂದೆರಡು ವರ್ಷದಲ್ಲಿ ನನಗೇ ಆ ಕೆಟ್ಟ ಬಸ್ಸಿನ ಡ್ರೈವರ್ ಬಾನೆಟ್ ಎತ್ತಿ ನಿಂತದ್ದು ಕಾಣತೊಡಗಿತು.

ಅಂದಿನಿಂದ ಮನೆ ಬಿಡುವ ಮುನ್ನ ರೆಗ್ಯುಲೇಟರಿನ ಫೋಟೋ ತೆಗೆದುಕೊಳ್ಳುತ್ತೇನೆ. ದಾರಿಯಲ್ಲಿ ಅನುಮಾನ ಬಂದರೆ ತೆರೆದು ನೋಡಬಹುದು. ಶನಿವಾರವೂ ಶಾಲೆ ಮುಗಿಸಿ ಬಂದು, ಫೋಟೋ ತೆಗೆದುಕೊಂಡು, ಮಧ್ಯಾಹ್ನದ ಬಸ್ಸು ಹತ್ತಿದೆ. ಹೆಂಡತಿ ಮನೆಯಲ್ಲೇ ಇದ್ದಳು. ಆದರೂ ತೆಗೆದುಕೊಂಡೆ.

ಅಕ್ಕ ಬಾಗಿಲಲ್ಲೇ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆರು ವರ್ಷದಲ್ಲಿ ಯಾರಿಗಾದರೂ ಆಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

"ಬಂದ್ಯಾ, ಕ್ಷಮಿಸಾಂವ? ಖುರ್ಚಿ ಹಾಕ್ಲೋ, ಸಿಂಹಾಸನ ಹಾಕ್ಲೋ?"

ನಾನು ಕಟ್ಟೆಯ ಮೇಲೆ ಕೂತೆ. "ಅಕ್ಕಾ, ವಿಡಿಯೋ ನಾ ಹಾಕಿಲ್ಲ. ಯಾರೋ..."

"ವಿಡಿಯೋ ಹಾಳಾಗಿ ಹೋಗಲಿ. ಅಷ್ಟು ಮಂದಿ ಮುಂದ ಹೇಳಿದ್ದು ಈಗ ನನ್ನ ಮುಂದ ಹೇಳು. ನಾ ಏನ ಮಾಡೀನಿ?"

"ಇನ್ನೊಂದು ತಾಸು ಕಾಯಬೇಕಾಗಿತ್ತು." ಆರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತು, ಹೊರಗೆ ಬಂದಾಗ ಶಾಲೆಯ ಹುಡುಗರ ತಕರಾರಿನಷ್ಟೇ ಉದ್ದವಿತ್ತು.

ಅಕ್ಕ ಮೊರ ಕೊಡಹುವುದನ್ನು ನಿಲ್ಲಿಸಿದಳು. "ಹನ್ನೊಂದಕ್ಕ ಅಂತ ಇತ್ತು. ಹನ್ನೆರಡರ ಮಟ ಕಾಯ್ದೆ. ಬಾಗಿಲಾಗ ನಿಂತು ಕಾಯ್ದೆ, ಆ ಬಿಸಲಾಗ. ನಿನ್ನ ಫೋನ್ ಬಂತಲ್ಲ, ಬಸ್ ಕೆಟ್ಟೈತಿ ಅಂತ? ಇಟ್ಟ ಮ್ಯಾಲೆ ನನ್ನ ಮೈದುನಗ ಬೈಕ್ ಕೊಟ್ಟು ಮಸ್ಕಿಗೆ ಅಟ್ಟಿದ್ದೆ, ನಿನ್ನ ಕೂಡ್ರಿಸ್ಕೊಂಡು ಬಾ ಅಂತ. ಗೊತ್ತೈತೇನು?"

ಗೊತ್ತಿರಲಿಲ್ಲ. ನನ್ನ ಹನ್ನೊಂದು ಅಪಾಯಗಳಲ್ಲಿ ಇದು ಇರಲೇ ಇಲ್ಲ.

"ಮಸ್ಕ್ಯಾಗ ಕೆಟ್ಟ ಬಸ್ಸೂ ಇದ್ದಿದ್ದಿಲ್ಲ, ನೀನೂ ಇದ್ದಿದ್ದಿಲ್ಲ. ಚಾದ ಅಂಗಡಿಯಾಂವ ಹೇಳಿದನಂತ, ನಿನ್ನಂಗ ಇದ್ದಾಂವ ಒಬ್ಬಾಂವ ಗಡಬಡಿಸಿ ರೋಡ್ ದಾಟಿ ಸಿಂಧನೂರ ಬಸ್ ಹತ್ತಿದ ಅಂತ."

ಎದುರು ಮನೆಯ ಕೋಳಿ ನಮ್ಮಿಬ್ಬರ ನಡುವೆ ಬಿದ್ದ ಜೋಳ ಹೆಕ್ಕುತ್ತಿತ್ತು. ನಾನು ಬಹಳ ಆಸಕ್ತಿಯಿಂದ ಅದನ್ನು ನೋಡಿದೆ.

"ಯಾರ ಮುಂದನೂ ಆಡಲಿಲ್ಲ ನಾ," ಎಂದಳು. ದನಿ ಈಗ ಸಣ್ಣಗಿತ್ತು. "ಮೈದುನಗೂ ಬಾಯಿ ಮುಚ್ಕೊಂಡಿರು ಅಂದೆ. ಸತ್ತ ಅವ್ವನ ಮುಖ ನೋಡಾಕ ಧೈರ್ಯ ಸಾಲಲಿಲ್ಲ, ಹೊಳ್ಳಿ ಹೋದ, ಅಂತ ತಿಳಕೊಂಡೆ. ಸಣ್ಣಾಂವ ಇದ್ದಾಗಿಂದ ನೀ ಅಂಜುಬುರುಕ. ಇವತ್ತ ಬರ್ತಾನ, ನಾಳೆ ಬರ್ತಾನ, ತಾನಾಗೇ ಹೇಳ್ತಾನ ಅಂತ ಕುಂತೆ. ನೀ ಬಂದಿ. ಮೊಬೈಲಿನ್ಯಾಗ ಬಂದಿ, ನನ್ನ ಕ್ಷಮಿಸಿಕೋತ."

ಅಂದರೆ ಆರು ವರ್ಷ ಅವಳು ನನ್ನನ್ನು ಸುಮ್ಮನೆ ಕ್ಷಮಿಸುತ್ತ ಕೂತಿದ್ದಳು. ನೋಟುಬುಕ್ಕಿಲ್ಲದೆ, ಅಡಿಗೆರೆಯಿಲ್ಲದೆ. ಅದೂ ನಾನು ಮಾಡದ ತಪ್ಪಿಗೆ. ಅವಳು ಕಟ್ಟಿಕೊಟ್ಟ ಕಾರಣ ನನ್ನ ಕಾರಣಕ್ಕಿಂತ ಎಷ್ಟೋ ಚೆನ್ನಾಗಿತ್ತು: ಅವ್ವನ ಹೆಣ ನೋಡಲಾರದೆ ಓಡಿಹೋದ ಮೆದು ಹೃದಯದ ಮಗ. ಹೌದು ಅಂದುಬಿಟ್ಟರೆ ಅವಳು ಅಳುತ್ತಾಳೆ, ನಾನೂ ಅಳುತ್ತೇನೆ, ನಾಳೆ ರೊಟ್ಟಿ. ಬಾಯಿ ತೆರೆದೆ. ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತ್ತು, ಮಸ್ಕಿಯ ಬಸ್ಸಿನ ಹಾಗೆ. ಆದರೆ ಆ ಬಿಳಿಯ ತಲೆ, ಬಿಸಿಲಲ್ಲಿ ಬಾಗಿಲಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿತು.

"ಗ್ಯಾಸ್," ಎಂದೆ.

"ಏನು?"

"ಗ್ಯಾಸ್ ಬಂದ್ ಮಾಡೀನೋ ಇಲ್ಲೋ ಅಂತ ಅನುಮಾನ ಬಂತು. ನೋಡಾಕ ಹೋಗಿದ್ದೆ."

ಅಕ್ಕ ನನ್ನನ್ನೇ ನೋಡಿದಳು. "ಬಂದ್ ಇತ್ತಾ?"

"ಇತ್ತು."

"ಸುಳ್ಳ ಹೇಳ್ತಿ. ಒಂದು ಸುಳ್ಳಿನ ಮ್ಯಾಲೆ ಇನ್ನೊಂದು. ಗ್ಯಾಸಿನ ಸಲುವಾಗಿ ಯಾವಾಂವ ಅವ್ವನ ಮಣ್ಣು ಬಿಡ್ತಾನಲೇ?"

ಜೀವಮಾನದಲ್ಲಿ ಒಮ್ಮೆ ನಿಜ ಹೇಳಿದರೆ ಹೀಗಾಗುತ್ತದೆ. ಬೇರೆ ದಾರಿ ಕಾಣದೆ ಮೊಬೈಲು ತೆಗೆದು ಫೋಟೋಗಳನ್ನು ತೆರೆದು ಅವಳ ಕೈಗಿಟ್ಟೆ. ಅಕ್ಕ ಮೂಗಿಗೆ ಚಾಳೀಸು ಏರಿಸಿದಳು. ರೆಗ್ಯುಲೇಟರು. ಬೆರಳಿನಿಂದ ಸರಿಸಿದಳು. ರೆಗ್ಯುಲೇಟರು. ಬೀಗ. ರೆಗ್ಯುಲೇಟರು. ನಳ. ಬೈಕಿನ ಹ್ಯಾಂಡಲ್. ಮತ್ತೆ ರೆಗ್ಯುಲೇಟರು.

"ಇದು ಯಾವತ್ತಿಂದು?"

"ಇವತ್ತಿಂದು."

"ಇದು?"

"ನಿನ್ನಿದು. ಮುಂಜಾನಿಂದು. ಅದು ಸಂಜಿದು."

"ನಿಮ್ಮ ಮನಿ ಮಂದಿದು ಒಂದರ ಫೋಟೋ ಐತೇನಲೇ ಇದರಾಗ?"

ಮೊದಲು ಅವಳ ಭುಜ ಅಲುಗಿತು. ಅಳುತ್ತಾಳೆ ಎಂದುಕೊಂಡೆ. ನಗುತ್ತಿದ್ದಳು. ಮೊರವನ್ನು ಪಕ್ಕಕ್ಕಿಟ್ಟು, ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆ ನೀರು ಮಾತ್ರ ನಗು ನಿಂತ ಮೇಲೂ ನಿಲ್ಲಲಿಲ್ಲ.

"ಅವ್ವ ಇದ್ದಿದ್ರ ನಿನ್ನ ಹಿಡದು ಬಡೀತಿದ್ಲು," ಎಂದಳು. ಆಮೇಲೆ ಸ್ವಲ್ಪ ಹೊತ್ತು ಓಣಿಯ ತಿರುವಿನ ಕಡೆ ನೋಡಿದಳು. "ಇಲ್ಲ ಬಿಡು. ಆಕೀನೂ ಹೊಳ್ಳಿ ಹೋಗ್ತಿದ್ಲು."

"ತಪ್ಪಾತು ಅಕ್ಕಾ," ಎಂದೆ. ಇದಕ್ಕೆ ನೋಟುಬುಕ್ಕಿನಲ್ಲಿ ಏನೂ ಬರೆದುಕೊಂಡಿರಲಿಲ್ಲ. ಎರಡೇ ಶಬ್ದ ಬಂದವು.

"ಮೊದಲು ನಿಂದು ವಾಪಸ್ ತಗೋ."

"ತಗೊಂಡೆ."

"ಹಂಗಾದ್ರ ಒಳಗ ಬಾ. ನಂದು ಏನ ಮಾಡೂದು ಅಂತ ನಾ ವಿಚಾರ ಮಾಡ್ತೀನಿ. ಓಡ್ಹೋದಾಂವಗ ಮಾಫಿ ಕೊಟ್ಟಿದ್ದೆ, ಗ್ಯಾಸ್ ನೋಡಾಕ ಹೋದಾಂವಗ ಕೊಟ್ಟಿಲ್ಲ. ಅದು ಬ್ಯಾರೆ."

ಚಹಾ ಮಾಡಿದಳು. ಸೋಸಿ ಕೊಟ್ಟು, ಒಲೆಯ ಹತ್ತಿರ ನಿಂತು, ನನ್ನ ಕಡೆ ತಿರುಗಿ, ರೆಗ್ಯುಲೇಟರ್ ತಿರುಗಿಸಿದಳು. "ಬಂದ್ ಮಾಡೀನಿ. ನೋಡ್ಕೋ. ಫೋಟೋ ತಗೀತೀಯೇನು?"

ಹೊರಟಾಗ ಬಾಗಿಲಿಗೆ ಬಂದು, ನನ್ನನ್ನು ನೋಡದೆ ಹೇಳಿದಳು: "ಪೆಟಗಿ ಮುಚ್ಚೂಕಿಂತ ಮೊದಲ ಅವ್ವನ ಮುಖದ್ದು ಫೋಟೋ ತಗದಿದ್ದೆ. ನಿನ್ನ ಸಲುವಾಗಿ. ಕೇಳಿದ್ರ ಕಳಸೂಣು ಅಂತ ಇಟ್ಕೊಂಡಿದ್ದೆ. ನೀ ಕೇಳಲೇ ಇಲ್ಲ."

"ಕಳಸು," ಎಂದೆ.

"ನೋಡ್ತೀನಿ."

ಮರಳುವ ಬಸ್ಸು ಮಸ್ಕಿಯಲ್ಲಿ ನಿಂತಾಗ ಮೊಬೈಲು ಕಿಸೆಯಲ್ಲಿ ನಡುಗಿತು. ಅಕ್ಕ ಕಳಿಸಿದ್ದಳು. ಒಂದಕ್ಷರವೂ ಬರೆದಿರಲಿಲ್ಲ. ಬಿಳಿಯ ಬಟ್ಟೆ, ಸುತ್ತ ಸೇವಂತಿಗೆ, ನಡುವೆ ಅವ್ವ. ಸತ್ತವರ ಮುಖ ಶಾಂತವಾಗಿರುತ್ತದೆ ಎನ್ನುತ್ತಾರೆ. ಅವ್ವನ ಹಣೆಯ ಮೇಲೆ ಆ ಗೆರೆ ಹಾಗೆಯೇ ಇತ್ತು. ಏನೋ ಮರೆತು ಬಂದವರ ಗೆರೆ. ಬಸ್ಸು ಐದು ನಿಮಿಷ ನಿಂತಿತು. ನಾನು ಇಳಿಯಲಿಲ್ಲ. ಅವ್ವ ಈಗ ನನ್ನ ಮೊಬೈಲಿನಲ್ಲಿ ಆ ಮಧ್ಯಾಹ್ನದ ರೆಗ್ಯುಲೇಟರಿನ ಪಕ್ಕದಲ್ಲೇ ಇದ್ದಾಳೆ. ಅವಳಿಗೆ ಅಲ್ಲಿ ನೆಮ್ಮದಿ ಎಂದೇ ನನ್ನ ನಂಬಿಕೆ.

ಮನೆಯಲ್ಲಿ ಹೆಂಡತಿಗೆ ಗ್ಯಾಸಿನ ವಿಷಯ ಹೇಳಿ ತಲೆ ತಗ್ಗಿಸಿ ನಿಂತೆ.

"ಗೊತ್ತಿತ್ತು," ಎಂದಳು. "ಅಕ್ಕಾರ ಮೈದುನ ಬಂದು ಹೇಳಿದಾಗ ನಾ ಅಲ್ಲೇ ಇದ್ನಲ್ಲ. ನೀವು ಹೊಳ್ಳಿ ಹೋಗೀರಿ ಅಂದ್ರ ಗ್ಯಾಸಿಗೇ ಹೋಗೀರಿ. ಅವ್ವನ ಮ್ಯಾಲಿನ ಮಾಯಾ-ಮಮತಾದಿಂದ ಹೋದ್ರು ಅಂತ ಅಕ್ಕಾರು ತಿಳ್ಕೊಂಡಿದ್ರು. ಅಷ್ಟರ ಮಾನ ಉಳೀಲಿ ಅಂತ ನಾ ಸುಮ್ಮನಿದ್ದೆ."

ಹೀಗೆ ನಮ್ಮ ಮನೆತನದಲ್ಲಿ ನನ್ನನ್ನು ಕ್ಷಮಿಸದೇ ಇದ್ದವರು ಯಾರೂ ಉಳಿದಿರಲಿಲ್ಲ ಎಂದು ಒಂದೇ ದಿನದಲ್ಲಿ ತಿಳಿಯಿತು. ಸಾಕ್ಷಿ ಹೇಳಿದವನು ನಾನೊಬ್ಬನೇ.

ಮರುದಿನ ತಟ್ಟೆ ಬಂತು. ಅಕ್ಕ ಇನ್ನೂ ವಿಚಾರ ಮಾಡುತ್ತಿದ್ದಾಳೆ, ತಿನ್ನಬಹುದೋ ಬಾರದೋ? ಪಾಸ್ಟರ ಮುಖ ನೋಡಿದೆ. ಅವರು ಕಣ್ಣಲ್ಲೇ ತಿನ್ನಿ ಎಂದರು. ತಿಂದೆ. ಆರು ವರ್ಷದ ಮೇಲೆ ತಿಂದ ಆ ತುಣುಕು ಸ್ವಲ್ಪ ಒಣಗಿತ್ತು. ಸತ್ಯ ಹೇಳಬೇ‌ಕಲ್ಲ, ಈಗ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ.

ಆರಾಧನೆ ಮುಗಿದ ಮೇಲೆ ಆ ವಿಡಿಯೋದ ಸಹೋದರರು ಮೊಬೈಲು ಹಿಡಿದುಕೊಂಡೇ ಬಂದರು. "ಮಾಸ್ತರ, ಅಕ್ಕಾರ ಮನಿಗೆ ಹೋಗಿ ಬಂದ್ರಂತ! ಬರೋ ಶುಕ್ರವಾರ ಎದ್ದು ಒಂದು ಸಾಕ್ಷಿ ಹೇಳಿಬಿಡ್ರಿ. ಹಿಂದಿನದು ಭಾರಿ ಓಡೈತಿ."

"ಆಗಂಗಿಲ್ರೀ," ಎಂದೆ. "ಬಾಯಿ ಹುಣ್ಣಾಗೈತಿ."